ಮೇಘಾಧಿಪತಿಯ ಎಡಗೈ

ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಗಂಡ ಲಾಸ್ ಏಂಜಲೀಸ್ ಹತ್ತಿರದ ರೆಡೊಂಡೊ ಬೀಚಿಗೆ ಫೋನ್ ಮಾಡುತ್ತಿದ್ದರು. ಸ್ಯಾನ್ ಡಿಯೇಗೊ ಕಡೆಯ ರಾಂಚೊ ಬರ್ನಾರ್ಡೊದ ನಮ್ಮ ಮನೆಯಲ್ಲಿ ಅದು ನಾನು ಎರಡನೇ ಕಾಫಿ ಮಾಡುವ ಹೊತ್ತು. ಅವರಿಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿಕೊಂಡೇ ಮಾತಾಡಬೇಕು. ಹಾಗಾಗಿ ನಾನು ಕದ್ದು ಕೇಳುತ್ತಿದ್ದೆ ಎಂದು ಯಾರೂ ಹೇಳುವಂತಿಲ್ಲ. ಆ ಕಡೆಯ ದನಿ ಒಬ್ಬ ಹೆಂಗಸಿನದು. ಮಾತು ಬೇಸ್‌ಬಾಲಿನದು.

"ಅಣ್ಣಾರ, ಈ ವರ್ಷ ನಿಮ್ಮ ಮಂದಿ ಬ್ಯಾಟ್ ಹಿಡೀತಾರೋ, ಊರುಗೋಲು ಹಿಡೀತಾರೋ?"

"ನಗ್ರಿ ಅಕ್ಕಾರ, ನಗ್ರಿ. ಏಪ್ರಿಲ್ ಬರಲಿ, ಯಾರು ನಗ್ತಾರ ನೋಡೂಣು."

ಆಮೇಲೆ ಇಬ್ಬರೂ ನಗುತ್ತಿದ್ದರು. ನನ್ನ ಗಂಡ ಹೊಟ್ಟೆಯಿಂದ ನಗುವ ಆ ನಗು ನನ್ನ ಪಾಲಿಗೆ ಬಂದದ್ದನ್ನು ಬೆರಳಲ್ಲಿ ಎಣಿಸಬಹುದು.

ಅಣ್ಣಾ ಎಂದು ಕರೆಯುವವಳ ಮೇಲೆ ಇದೆಂಥ ಹೊಟ್ಟೆಕಿಚ್ಚು ಎಂದು ನೀವು ಕೇಳಬಹುದು. ಅನುಮಾನ ಎನ್ನುವುದು ನನಗೆ ಒಂದು ದಿನವೂ ಬಂದಿಲ್ಲ. ಅನುಮಾನವಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ನನ್ನದು ಅದಕ್ಕಿಂತ ಸಣ್ಣದು, ಹೇಳಿಕೊಳ್ಳಲು ನಾಚಿಕೆಯಾಗುವಂಥದು. ನನ್ನ ಗಂಡ ವಾರವಿಡೀ ಯಾರಿಗಾಗಿ ಮಾತುಗಳನ್ನು ಕೂಡಿಡುತ್ತಿದ್ದರೋ ಅವಳು ನಾನಾಗಿರಲಿಲ್ಲ, ಅಷ್ಟೆ.

ಆಕೆಯ ಗಂಡ ಮತ್ತು ನನ್ನ ಗಂಡ ಲಾಸ್ ಏಂಜಲೀಸಿನಲ್ಲಿ ಓದುವಾಗ ರೂಮ್‌ಮೇಟ್ಸ್. ಇಬ್ಬರೂ ಧಾರವಾಡ ಕಡೆಯವರು, ಇಬ್ಬರೂ ಇಂಜಿನಿಯರುಗಳು. ಒಬ್ಬರು ಅಲ್ಲೇ ವಿಮಾನದ ಕೆಲಸ ಹಿಡಿದು ರೆಡೊಂಡೊ ಬೀಚಿನಲ್ಲಿ ಮನೆ ಮಾಡಿದರು, ನಾವು ಸ್ಯಾನ್ ಡಿಯೇಗೊಗೆ ಬಂದೆವು. ಅವರು ಲಾಸ್ ಏಂಜಲೀಸಿನ ಟೀಮಿನ ಪಕ್ಷ, ಇವರು ನಮ್ಮೂರಿನ ಟೀಮಿನ ಪಕ್ಷ. ಮೂವತ್ತು ವರ್ಷ ಆ ಜಗಳವೇ ಅವರ ಸ್ನೇಹ. ಸ್ನೇಹಿತರು 2002ರಲ್ಲಿ ಹಾರ್ಟ್ ಅಟ್ಯಾಕಿನಿಂದ ಹೋಗಿಬಿಟ್ಟರು. ಆಮೇಲೆ ಒಂದು ಭಾನುವಾರ ನನ್ನ ಗಂಡ ಹತ್ತು ಗಂಟೆಗೆ ಫೋನಿನ ಮುಂದೆ ಸುಮ್ಮನೆ ಕೂತಿದ್ದನ್ನು ನೋಡಲಾಗದೆ ನಾನೇ ಹೇಳಿದೆ, "ಅವರ ಮನೆಯವರಿಗಾದರೂ ಮಾಡಿ ಪಾಪ, ಒಬ್ಬರೇ ಇದ್ದಾರೆ."

ಮಾಡಿದರು. ಆಕೆ ಅತ್ತರು. ಎರಡನೇ ವಾರವೂ ಅತ್ತರು. ಮೂರನೇ ವಾರ ಆಕೆ, "ಮನ್ಯಾಗ ರೇಡಿಯೋ ಆರಿಸಿಲ್ಲರಿ ಅಣ್ಣಾರ, ಮ್ಯಾಚ್ ಹತ್ತೇ ಇರ್ತದ, ಅವರ ಕುರ್ಚಿ ಮುಂದ" ಎಂದರು. ನಾಲ್ಕನೇ ವಾರದ ಹೊತ್ತಿಗೆ ತಮ್ಮ ಗಂಡನ ಪಕ್ಷ ವಹಿಸಿಕೊಂಡು ವಾದ ಮಾಡುತ್ತಿದ್ದರು. ಒಂದು ಸೀಸನ್ ಮುಗಿಯುವಷ್ಟರಲ್ಲಿ ಯಾವ ಬ್ಯಾಟರ್ ಎಡಗೈಯವರು ಎಸೆದ ಚೆಂಡಿಗೆ ತಡವರಿಸುತ್ತಾನೆ, ಯಾರು ಮೊದಲ ಚೆಂಡಿಗೇ ಬೀಸಿ ಕೆಡುತ್ತಾನೆ, ಎಲ್ಲಾ ಬಾಯಲ್ಲೇ ಇತ್ತು.

ಇದರಲ್ಲಿ ನನಗೆ ಹೆಚ್ಚು ಚುಚ್ಚಿದ್ದು ಅವರ ಪಂಚಾಂಗ.

ಯುಗಾದಿಗೆ ಕನ್ನಡದವರೆಲ್ಲ ಸೇರಿದಾಗ ಪಂಚಾಂಗ ಶ್ರವಣ ಇರುತ್ತದೆ. ಈ ಸಂವತ್ಸರಕ್ಕೆ ಯಾವ ಗ್ರಹ ರಾಜ, ಯಾವುದು ಮಂತ್ರಿ, ಮಳೆ ಎಷ್ಟು, ಬೆಳೆ ಎಷ್ಟು ಎಂದು ಹಿರಿಯರೊಬ್ಬರು ಓದುವುದು, ಉಳಿದವರು ಹೋಳಿಗೆಯ ಕಡೆ ಕಣ್ಣಿಟ್ಟು ಕೇಳುವುದು. ಬೇಸ್‌ಬಾಲ್ ಸೀಸನ್ನೂ ಸರಿಯಾಗಿ ಆ ದಿನಗಳಲ್ಲೇ ಶುರು. ಸ್ನೇಹಿತರಿಬ್ಬರೂ ಯಾವ ಕಾಲದಲ್ಲೋ ಒಂದು ತಮಾಷೆ ಹುಟ್ಟಿಸಿದ್ದರು. ನಿಜವಾದ ಪಂಚಾಂಗ ಮುಗಿದ ಮೇಲೆ ಬೇಸ್‌ಬಾಲಿನ ಪಂಚಾಂಗ. ಮೊದಲು ಬ್ಯಾಟ್ ಹಿಡಿಯುವವನು ರಾಜ. ಅವನನ್ನು ಮುಂದಕ್ಕೆ ದಾಟಿಸುವ ಎರಡನೆಯವನು ಮಂತ್ರಿ. ಮೂರನೆಯವನು ಸೇನಾಧಿಪತಿ. ನಾಲ್ಕನೆಯವನು ಚೆಂಡನ್ನು ಮೋಡಕ್ಕೆ ಮುಟ್ಟಿಸಬೇಕಾದವನು, ಆದ್ದರಿಂದ ಮೇಘಾಧಿಪತಿ. ಹುಲ್ಲಿನ ಮೇಲೆ ಉರುಳಿಸಿ ಹೊಡೆಯುವವನು ಸಸ್ಯಾಧಿಪತಿ. ಕೊನೆಗೆ ಬ್ಯಾಟ್ ಹಿಡಿಯಲು ಬಾರದಿದ್ದರೂ ಹಿಡಿಯಲೇಬೇಕಾದ, ಚೆಂಡು ಎಸೆಯುವ ಪಿಚರ್, ಅವನು ನೀರಸಾಧಿಪತಿ. ಆ ವರ್ಷ ಯಾರ ಬ್ಯಾಟಿಂಗ್ ಹೇಗೆ ಎಂದು ಪಂಚಾಂಗದ ರಾಗದಲ್ಲೇ ಭವಿಷ್ಯ. ಮಕ್ಕಳಿಂದ ಹಿಡಿದು ಎಲ್ಲರೂ ಇದಕ್ಕೆ ಕಾಯುತ್ತಿದ್ದರು.

ಸ್ನೇಹಿತರು ತೀರಿಕೊಂಡ ಮೇಲೆ ಆ ಜಾಗ ಖಾಲಿಯಾಯಿತು. ನನ್ನನ್ನು ಕರೆಯುತ್ತಾರೆ ಎಂದುಕೊಂಡಿದ್ದೆ. ಕರೆಯಲಿಲ್ಲ. ಜಾಗ ಫೋನಿನ ಆ ತುದಿಗೆ ಹೋಯಿತು. ಫೆಬ್ರವರಿಯಿಂದಲೇ ಇಬ್ಬರೂ ಸೇರಿ ಹೆಣೆಯುವುದು, ನಗುವುದು.

ನ್ಯಾಯವಾಗಿ ಹೇಳಬೇಕೆಂದರೆ ನನ್ನನ್ನು ಕರೆಯಲು ಕಾರಣವೂ ಇರಲಿಲ್ಲ. ನಾನು ಬೆಂಗಳೂರು ಕಂಟೋನ್ಮೆಂಟಿನ ಕಾನ್ವೆಂಟ್ ಹುಡುಗಿ. ಪಂಚಾಂಗ ಎಂದರೆ ಅಜ್ಜನ ಮನೆಯ ಮೊಳೆಗೆ ನೇತುಹಾಕಿದ್ದ ಪುಸ್ತಕ ಎಂದಷ್ಟೇ ಗೊತ್ತು. ಮದುವೆಯಾದ ಹೊಸದರಲ್ಲಿ ಇವರ ಧಾರವಾಡದ ಕನ್ನಡ ಕೇಳಿ ನಾನೂ ನನ್ನ ತಂಗಿಯರೂ ಮುಸಿಮುಸಿ ನಗುತ್ತಿದ್ದೆವು. ಒಂದು ಸಲ ಅತಿಥಿಗಳ ಮುಂದೆ ಇವರ ಮಾತನ್ನು ಅಣಕಿಸಿ ತೋರಿಸಿದ್ದೆ. ಅವರೂ ನಕ್ಕರು. ಅಂದಿನಿಂದ ನನ್ನ ಹತ್ತಿರ ಬೆಂಗಳೂರಿನ ಕನ್ನಡ, ಇಲ್ಲವಾದರೆ ಇಂಗ್ಲಿಷ್. ತಮ್ಮ ಕನ್ನಡವನ್ನು ಸ್ನೇಹಿತರ ಮನೆಗೆ ಮೀಸಲಿಟ್ಟರು. ಭಾನುವಾರದ ಆ ನಗು ಆ ಕನ್ನಡದಲ್ಲೇ ಬರುವಂಥದು. ಅದನ್ನು ಓಡಿಸಿದವಳು ನಾನೇ ಎಂಬುದು ನನಗೆ ತಡವಾಗಿ ಹೊಳೆಯಿತು.

2006ರ ಜನವರಿಯಲ್ಲಿ ನಾನು ಲೈಬ್ರರಿಯಿಂದ ಬೇಸ್‌ಬಾಲಿನ ಪುಸ್ತಕ ತಂದೆ, ಮಕ್ಕಳ ಸೆಕ್ಷನ್ನಿನದು, ಚಿತ್ರಗಳಿರುವುದು. ಅವರಿಗೆ ಕಾಣದ ಹಾಗೆ ಅಕ್ಕಿಯ ಡಬ್ಬದ ಹಿಂದೆ ಇಟ್ಟುಕೊಂಡು ಓದಿದೆ. ಅರವತ್ತೆಂಟು ವರ್ಷದ ಹೆಂಗಸು ಅಡುಗೆಮನೆಯಲ್ಲಿ ನಿಂತು ಪಾಠ ಒಪ್ಪಿಸುವ ಚಂದ ಊಹಿಸಿಕೊಳ್ಳಿ. ಆದರೆ ಅಷ್ಟೇನೂ ಕಷ್ಟವಾಗಲಿಲ್ಲ. ನಮ್ಮ ಕಾನ್ವೆಂಟಿನಲ್ಲಿ ರೌಂಡರ್ಸ್ ಆಡಿಸುತ್ತಿದ್ದರು. ಬ್ಯಾಟು ಲಟ್ಟಣಿಗೆಗಿಂತ ಸ್ವಲ್ಪ ಉದ್ದ, ನಾಲ್ಕು ಗೂಟ ಸುತ್ತಿ ಓಡಬೇಕು. ಬೇಸ್‌ಬಾಲಿನ ಅಕ್ಕನೋ ತಂಗಿಯೋ ಆಗಬೇಕು. ನಾನು ಚೆನ್ನಾಗಿ ಹೊಡೆಯುತ್ತಿದ್ದೆ. ಚಾಪೆಲಿನ ಹಿಂದಿನ ಗೋಡೆಯಾಚೆ ಚೆಂಡು ಕಳಿಸಿದವಳು ನಮ್ಮ ಬ್ಯಾಚಿನಲ್ಲಿ ನಾನೊಬ್ಬಳೇ. ಬ್ಯಾಟನ್ನು ಒಂದು ಕೈಯಲ್ಲಿ ಹಿಡಿಯಬೇಕು ಎಂದು ಸಿಸ್ಟರ್ ಎಷ್ಟು ಬೈದರೂ ಎರಡೂ ಕೈಯಲ್ಲಿ ಹಿಡಿಯುತ್ತಿದ್ದೆ. ಒಂದು ಟರ್ಮಿನಲ್ಲಿ ಹಿಡಿಯ ತುದಿ ಕೆಳಗಿನ ಕೈಯ ಅಂಗೈ ಬುಡಕ್ಕೆ ಒತ್ತಿ ಒತ್ತಿ ಅಲ್ಲಿನ ಮೂಳೆ ನೊಂದುಕೊಂಡಿತು. ಎರಡು ತಿಂಗಳು ಬಾಗಿಲ ಹಿಡಿ ತಿರುಗಿಸಲು ಆಗುತ್ತಿರಲಿಲ್ಲ. ಆಟದಿಂದ ತೆಗೆಯುತ್ತಾರೆಂಬ ಭಯಕ್ಕೆ ಯಾರಿಗೂ ಹೇಳಲಿಲ್ಲ, ಪೆನ್ಸಿಲ್ ಬಾಕ್ಸನ್ನು ಕೂಡ ಹಲ್ಲಿನಿಂದ ತೆಗೆಯುತ್ತಿದ್ದೆ.

ಇದು ನನ್ನ ಗಂಡನಿಗೆ ಗೊತ್ತಿರಲಿಲ್ಲ. ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಆ ವರ್ಷ ಫೋನಿನಲ್ಲಿ ಚರ್ಚೆಯೆಲ್ಲಾ ನಮ್ಮ ಟೀಮಿನ ಮೇಘಾಧಿಪತಿಯದು. ಡೌನ್‌ಟೌನಿನ ಹೊಸ ಸ್ಟೇಡಿಯಂನಲ್ಲಿ ಎರಡು ಸೀಸನ್ ಕಳೆದಿದ್ದವು. ಅದು ಮೈದಾನವಲ್ಲ, ಹೊಲ, ಅಷ್ಟು ಅಗಲ. ಸಮುದ್ರದ ಗಾಳಿ ಬೇರೆ. ಬೇರೆ ಊರಲ್ಲಿ ಗೋಡೆ ದಾಟಿ ಹೋಮ್ ರನ್ ಆಗುವ ಹೊಡೆತ ಇಲ್ಲಿ ಫೀಲ್ಡರನ ಕೈಗೆ ಬಂದು ಕೂರುತ್ತಿತ್ತು. ಈ ಸಲ ನಾಲ್ಕನೆಯವನು ಹೊಡೆದರೆ ಮಾತ್ರ ಟೀಮು ಉಳಿಯುತ್ತದೆ, ಅವನು ಹೊಡೆದೇ ಹೊಡೆಯುತ್ತಾನೆ ಎಂದು ಇವರು. ಸಂವತ್ಸರದ ಹೆಸರೇ ವ್ಯಯ, ನಿಮ್ಮವರಿಗೆ ಆದಾಯ ಎಲ್ಲಿಂದರಿ ಎಂದು ಆಕೆ.

ಮಾರ್ಚಿನಲ್ಲಿ ಅರಿಜೋನಾದಿಂದ ಪ್ರಾಕ್ಟೀಸ್ ಮ್ಯಾಚುಗಳನ್ನು ಟಿವಿಯಲ್ಲಿ ತೋರಿಸುತ್ತಾರೆ. ಒಂದು ಮಧ್ಯಾಹ್ನ ಇವರು ನೋಡುತ್ತಿದ್ದಾಗ ನಾನು ಬೀನ್ಸ್ ಬಿಡಿಸುವ ನೆಪದಲ್ಲಿ ಪಕ್ಕದಲ್ಲಿ ಕೂತೆ. ಮೇಘಾಧಿಪತಿ ಎರಡು ಸಲ ಬೀಸಿದ. ಆಮೇಲೆ ಬೆಂಚಿನಲ್ಲಿ ಕೂತು ಸೂರ್ಯಕಾಂತಿ ಬೀಜದ ಪ್ಯಾಕೆಟ್ಟನ್ನು ಬಲಗೈಯಲ್ಲಿ ಹಿಡಿದು ಹಲ್ಲಿನಿಂದ ಹರಿದ. ಎಡಗೈ ತೊಡೆಯ ಮೇಲೆ ಅಂಗಾತ ಮಲಗಿತ್ತು.

"ಅವನ ಎಡಗೈಗೆ ಏನೋ ಆಗಿದೆ," ಎಂದೆ.

"ಯಾರ ಕೈಗೆ?"

"ನಿಮ್ಮ ನಾಲ್ಕನೇ ನಂಬರಿಗೆ. ನೋಡಿ, ಪ್ಯಾಕೆಟ್ ಹಲ್ಲಲ್ಲಿ ಹರಿದ. ಎಡಗೈನ ಬೇರೆಯವರ ಮಗು ಥರ ತೊಡೆ ಮೇಲೆ ಇಟ್ಕೊಂಡಿದ್ದಾನೆ."

"ಎಲ್ಲರೂ ಹಲ್ಲಲ್ಲೇ ಹರಿಯೋದು. ನಿಮ್ಮ ಕಾನ್ವೆಂಟಾ ಅದು, ಕತ್ತರಿ ತರಿಸೋಕೆ?"

"ಬೀಸಿದ ಮೇಲೂ ಆ ಕೈನ ಬೇಗ ಬಿಟ್ಟುಬಿಡ್ತಾನೆ. ಅಂಗೈ ಬುಡ ನೋಯ್ತಿರಬೇಕು. ಇವನು ಏಪ್ರಿಲಲ್ಲಿ ಹೊಡೆಯಲ್ಲ ರೀ."

ಅವರು ನನ್ನ ಕಡೆ ತಿರುಗಿ, ಪಕ್ಕದ ಮನೆಯ ಬೆಕ್ಕು ಇಂಗ್ಲಿಷ್ ಮಾತಾಡಿದ ಹಾಗೆ ನೋಡಿದರು. "ಬೀನ್ಸ್ ಆಯ್ತಾ?" ಎಂದರು.

ಆ ಭಾನುವಾರ ಹತ್ತು ಗಂಟೆಗೆ ನಾನು ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತಾ ನಿಂತಿದ್ದೆ. ಇವರು ದನಿ ತಗ್ಗಿಸಿ, ರಹಸ್ಯ ಹೇಳುವವರ ಹಾಗೆ ಶುರುಮಾಡಿದರು.

"ಅಕ್ಕಾರ, ನಾ ಒಂದು ನೋಡೀನಿ. ನಮ್ಮ ಮೇಘಾಧಿಪತಿ ಎಡಗೈ ಸರಿ ಇಲ್ಲ. ಬೀಜದ ಪ್ಯಾಕೆಟ್ ಹಲ್ಲಿಲೆ ಹರದ. ಬೀಸಿದ ಮ್ಯಾಲೆ ಕೈ ಲಗೂನ ಬಿಡ್ತಾನ. ಏಪ್ರಿಲ್‌ದಾಗ ಇಂವ ಹೊಡ್ಯಂಗಿಲ್ಲ."

ಆ ಕಡೆಯಿಂದ, "ಏನ್ ಕಣ್ಣರಿ ನಿಮ್ಮವು ಅಣ್ಣಾರ. ನಮ್ಮ ಮನಿಯವರೂ ಇಷ್ಟು ಸೂಕ್ಷ್ಮ ನೋಡ್ತಿದ್ದಿಲ್ಲ."

"ಅನುಭವರಿ ಅಕ್ಕಾರ, ಅನುಭವ."

ಅವರ ಕಾಫಿಗೆ ನಾನು ಸಕ್ಕರೆ ಹಾಕಲಿಲ್ಲ. ಅದನ್ನು ಕುಡಿದು ಲೋಟ ಕೆಳಗಿಟ್ಟರು, ಗೊತ್ತೇ ಆಗಲಿಲ್ಲ. ನನ್ನ ಮಾತನ್ನು ಕೊಂಡುಹೋಗಿ ಇನ್ನೊಬ್ಬಳ ಮೆಚ್ಚುಗೆ ತಂದುಕೊಂಡ ಗಂಡಸಿಗೆ ಕಹಿ ಕಾಫಿಯೂ ಸಿಹಿಯಾಗಿರುತ್ತದೆ. ಆ ವಾರವೆಲ್ಲ ನಾನು ಬಾಯಿಬಿಟ್ಟು ಕೇಳಬೇಕು ಎಂದುಕೊಂಡೆ. ಕೇಳಲು ಹೋದರೆ ಅಳು ಬರುತ್ತದೆಂದು ಗೊತ್ತಿತ್ತು. ಬೀಜದ ಪ್ಯಾಕೆಟ್ಟಿಗಾಗಿ ಅಳುವುದು ಹೇಗೆ?

ಯುಗಾದಿಯ ಊಟ ಆ ಸಲ ಅವರ ಕಡೆ. ಶನಿವಾರ, ರೆಡೊಂಡೊ ಬೀಚಿನ ಹತ್ತಿರ ಒಂದು ಸ್ಕೂಲಿನ ಕೆಫೆಟೇರಿಯಾ ಬಾಡಿಗೆಗೆ ಹಿಡಿದಿದ್ದರು. ನಮ್ಮ ಕಡೆಯಿಂದ, ಮೀರಾ ಮೆಸಾದಿಂದೆಲ್ಲ, ಹತ್ತಿಪ್ಪತ್ತು ಕಾರು ಹೋದವು. ಆಕೆ ಹಸಿರು ಇಳಕಲ್ ಸೀರೆ ಉಟ್ಟು ಬಾಗಿಲಲ್ಲೇ ಸಿಕ್ಕರು. "ಬರ್ರಿ ವೈನಿ, ದಾರಿ ಹೆಂಗಾತು?" ಎಂದು ನನ್ನ ಕೈ ಹಿಡಿದುಕೊಂಡರು. ಕೈ ಬೆಚ್ಚಗಿತ್ತು. ಆ ವಯಸ್ಸಿನಲ್ಲೂ ಸೊಂಟ ನೆಟ್ಟಗೆ. ನನ್ನ ಕೋಸಂಬರಿಯನ್ನು ತಾವೇ ಎತ್ತಿಕೊಂಡು ಹೋಗಿ ತಮ್ಮ ಹೋಳಿಗೆಯ ಪಕ್ಕದಲ್ಲಿಟ್ಟರು. ಇಂಥವರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಎಂದರೆ, ಅದಕ್ಕೂ ಅವರ ಮೇಲೆ ಕೋಪ ಬರುತ್ತದೆ.

ನಿಜವಾದ ಪಂಚಾಂಗ ಮುಗಿಯಿತು. ಬೇವುಬೆಲ್ಲ ಆಯಿತು. ನನ್ನ ಗಂಡ ಹೆಗಲ ಮೇಲೆ ಶಲ್ಯ ಸರಿಮಾಡಿಕೊಂಡು ಮೈಕ್ ಹಿಡಿದರು. ಆಕೆ ಮೊದಲ ಸಾಲಿನ ಕುರ್ಚಿಯಲ್ಲಿ. ನಾನು ಹಿಂದೆ, ಊಟದ ಉದ್ದ ಟೇಬಲಿನ ಆಚೆ. ಹಸಿದ ಮಕ್ಕಳಿಗೆ ಮೊದಲೇ ಬಡಿಸುವ ಕೆಲಸ ವಹಿಸಿಕೊಂಡಿದ್ದೆ.

"ಶ್ರೀಮದ್ ವ್ಯಯನಾಮ ಸಂವತ್ಸರದಲ್ಲಿ ಸ್ಯಾನ್ ಡಿಯೇಗೊ ದೇಶದ ಬ್ಯಾಟಿಂಗ್ ಫಲ," ಎಂದು ರಾಗ ತೆಗೆದರು. "ಒಟ್ಟು ಇಪ್ಪತ್ತು ಭಾಗ ಹೊಡೆತಗಳಲ್ಲಿ, ಹತ್ತು ಭಾಗ ಫೀಲ್ಡರನ ಕೈಯಲ್ಲಿ, ಆರು ಭಾಗ ಪ್ರೇಕ್ಷಕರ ತಲೆಯ ಮೇಲೆ, ನಾಲ್ಕು ಭಾಗ ಮಾತ್ರ ಭೂಮಿಯ ಮೇಲೆ. ರಾಜನು ಶೀಘ್ರಗತಿ, ಆದರೆ ಮೊದಲನೇ ಬೇಸಿಗೆ ಹೋಗುವುದೇ ದುರ್ಲಭ. ಮಂತ್ರಿಯು ರಾಜನನ್ನು ಮುಂದೆ ಕಳಿಸಿ ತಾನು ಔಟಾಗುವ ಸ್ವಾಮಿಭಕ್ತ. ನೀರಸಾಧಿಪತಿಯ ಬ್ಯಾಟಿನಿಂದ ಗಾಳಿ ಮಾತ್ರ ಬರುವುದು, ಸೆಖೆಯ ದಿನ ಉಪಯೋಗ."

ಹಾಲ್ ನಗುತ್ತಿತ್ತು. ನಾನೂ ನಕ್ಕೆ, ತಡೆಯಲಾಗಲಿಲ್ಲ.

"ಇನ್ನು ಮೇಘಾಧಿಪತಿ. ಎಲ್ಲರೂ ಇವನ ಮೇಲೆ ಆಸೆ ಇಟ್ಟಿದ್ದೀರಿ. ಬಿಡಿ. ಇವನಿಗೆ ಹಸ್ತಪೀಡೆ ಉಂಟು. ಬಲಗೈಯ ಅಂಗೈ ಬುಡದಲ್ಲಿ ನೋವು. ಏಪ್ರಿಲ್ ಮಾಸದಲ್ಲಿ ಮೋಡವಿಲ್ಲ, ಮಳೆಯಿಲ್ಲ. ಇದು ನಾನು ಕಣ್ಣಾರೆ ಕಂಡು ಹೇಳುವ ಫಲ."

ಬಲಗೈ. ನನ್ನ ಕೈಯ ಸೌಟು ನಿಂತಿತು.

ಮಧ್ಯದ ಸಾಲಿನಲ್ಲಿ ಒಬ್ಬ ಹುಡುಗಿ ಕೈ ಎತ್ತಿದಳು. ಶಿವಮೊಗ್ಗದವಳು, ಲಾಸ್ ಏಂಜಲೀಸಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು, ಅಲ್ಲಿಯ ಹುಡುಗಿಯರ ಜೊತೆ ಸಾಫ್ಟ್‌ಬಾಲ್ ಆಡುವವಳು.

"ಅಂಕಲ್, ಒಂದ್ ಡೌಟು. ಅವನು ರೈಟ್ ಹ್ಯಾಂಡರ್ ಅಲ್ವಾ? ಬಲಗೈ ಮೇಲಿರುತ್ತೆ. ಹಿಡಿ ತುದಿ ಒತ್ತೋದು ಕೆಳಗಿನ ಕೈಗೆ, ಎಡಗೈಗೆ. ಬಲಗೈ ಅಂಗೈ ಬುಡ ಹೇಗೆ ನೋಯುತ್ತೆ?"

"ಯಾವ ಕೈ ಆದರೇನಮ್ಮ," ಎಂದರು ಇವರು. "ಕೈ ಕೈಯೇ."

"ಕಣ್ಣಾರೆ ಕಂಡೆ ಅಂದ್ರಿ."

ಹಿಂದಿನಿಂದ ಯಾರೋ, "ಅಂಕಲ್ ಟಿವಿನ ಕನ್ನಡೀಲಿ ನೋಡಿರಬೇಕು" ಎಂದರು. ಈಗ ಹಾಲ್ ಇವರನ್ನೇ ನೋಡಿ ನಕ್ಕಿತು. ಇವರ ಕಿವಿ ಕೆಂಪಾದವು. ಮೊದಲ ಸಾಲಿನ ಕಡೆ ನೋಡಿದರು. ಆಕೆ ತಮ್ಮ ಪರ್ಸಿನೊಳಗೆ ಏನೋ ಹುಡುಕುತ್ತಿದ್ದರು. ಆಮೇಲೆ ಇವರ ಕಣ್ಣು ತಲೆಗಳ ಮೇಲಿಂದ ಹಾದು ಹಿಂದಕ್ಕೆ ಬಂದು ನನ್ನನ್ನು ಹುಡುಕಿ ಹಿಡಿಯಿತು. ಎಷ್ಟೋ ವರ್ಷಗಳ ಮೇಲೆ ನನ್ನ ಗಂಡ ತುಂಬಿದ ಸಭೆಯಲ್ಲಿ ನನಗಾಗಿ ಹುಡುಕಿದ್ದರು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಎಡಗೈ. ಯಾಕೆ, ಹೇಗೆ, ಎಷ್ಟು ದಿನ, ಎಲ್ಲಾ ನನ್ನ ಅಂಗೈಗೇ ಗೊತ್ತಿತ್ತು.

ನಾನು ಮುಂದಿನ ಮಗುವಿನ ತಟ್ಟೆಗೆ ಕೋಸಂಬರಿ ಹಾಕಿದೆ.

ಇವರು ಹೇಗೋ ನಗಿಸಿ ಮುಗಿಸಿದರು. ಲಾಸ್ ಏಂಜಲೀಸಿನ ಟೀಮಿನ ಫಲವನ್ನು ಅರ್ಧಕ್ಕೇ ಬಿಟ್ಟರು.

ವಾಪಸ್ ಫ್ರೀವೇ ಹಿಡಿದೆವು. ಇನ್ನೂ ಬಿಸಿಲಿತ್ತು, ಬಲಗಡೆ ಸಮುದ್ರ ಕಾಣಲು ಶುರುವಾದ ಮೇಲೆ ಅವರು ಬಾಯಿಬಿಟ್ಟರು.

"ನೀ ಯಾಕ ಹೇಳಲಿಲ್ಲ?"

ನನ್ನ ಹತ್ತಿರ ಆ ಕನ್ನಡದಲ್ಲಿ ಮಾತಾಡಿದ್ದಾರೆ ಎಂಬುದು ಅವರಿಗೇ ಗೊತ್ತಾಗಲಿಲ್ಲ.

"ನೀವೇ ಕಣ್ಣಾರೆ ಕಂಡಿದ್ದು ಅಂದ್ರಲ್ಲ."

ಇನ್ನೂ ಎರಡು ಮೈಲಿ ಹೋಯಿತು. "ತಪ್ಪಾತು," ಎಂದರು. ಆಮೇಲೆ, ರಸ್ತೆಯ ಮೇಲಿನ ಕಣ್ಣು ತೆಗೆಯದೆ, "ಆದ್ರ ನಿನಗ ಹೆಂಗ ಗೊತ್ತಾತು?"

ಹೇಳಿದೆ. ಲಟ್ಟಣಿಗೆಯಂಥ ಬ್ಯಾಟು, ಚಾಪೆಲಿನ ಗೋಡೆ, ಬಾಗಿಲ ಹಿಡಿ. ಅವರು ನಡುವೆ ನಾಲ್ಕೈದು ಪ್ರಶ್ನೆ ಕೇಳಿದರು, ಒಳ್ಳೆಯ ಪ್ರಶ್ನೆಗಳು. ಚೆಂಡು ಯಾವ ಎತ್ತರಕ್ಕೆ ಬರುತ್ತಿತ್ತು, ಕಾಲು ಮೊದಲು ಎತ್ತುತ್ತಿದ್ದೆಯೋ ಕೈಯೋ. ಯಾರೋ ದೂರದ ಊರಿನ ಆಟಗಾರ್ತಿಯ ಇಂಟರ್‌ವ್ಯೂ ಮಾಡಿದ ಹಾಗಿತ್ತು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಸಂತೋಷದ ಮಧ್ಯೆ ಒಂದೇ ಯೋಚನೆ: ನಾಳೆ ಹತ್ತು ಗಂಟೆಗೆ ಇದನ್ನೂ ಹೋಗಿ ಅಲ್ಲಿ ಹೇಳುತ್ತಾರೆ.

ಆ ಆಟಗಾರನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮೂರು ವಾರ ಒದ್ದಾಡಿದ. ಆಮೇಲೆ ಕೈಗೆ ಪಟ್ಟಿ ಕಟ್ಟಿಕೊಂಡು ಬೆಂಚಿನಲ್ಲಿ ಕೂತ ಫೋಟೋ ಪೇಪರಿನಲ್ಲಿ ಬಂತು. ಎಡಗೈ.

ಯುಗಾದಿ ಊಟದ ಮರುದಿನ, ಭಾನುವಾರ, ಹತ್ತು ಹೊಡೆಯಿತು. ಇವರು ಸ್ಪೋರ್ಟ್ಸ್ ಪೇಜ್ ಹಿಡಿದು ಡೈನಿಂಗ್ ಟೇಬಲಿನಲ್ಲೇ ಕೂತಿದ್ದರು. ಏಳಲಿಲ್ಲ, ಡಯಲ್ ಮಾಡಲಿಲ್ಲ. ನಾಚಿಕೆಯೋ, ನನ್ನ ಮೇಲಿನ ದಾಕ್ಷಿಣ್ಯವೋ. ಹತ್ತೂಕಾಲಿಗೆ ಫೋನ್ ತಾನಾಗಿ ಹೊಡೆದುಕೊಂಡಿತು. ಅವರು ಎದ್ದೇಳುವ ಮೊದಲೇ ನಾನು ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡೆ.

"ವೈನಿ, ನಾನ್ರಿ. ಅಣ್ಣಾರು ಅದಾರೇನ್ರಿ?"

"ಸ್ನಾನಕ್ಕೆ ಹೋಗಿದ್ದಾರೆ," ಎಂದೆ.

ಮೂರಡಿ ದೂರದಲ್ಲಿ ಇವರು ಪೇಪರ್ ಕೆಳಗಿಳಿಸಿ ನನ್ನನ್ನು ನೋಡಿದರು. ಸುಳ್ಳು ಹೇಳಿದರೆ ನಾಲಿಗೆ ಕಪ್ಪಾಗುತ್ತದೆ ಎಂದು ಸಿಸ್ಟರ್ ಹೇಳುತ್ತಿದ್ದರು. ನಾನು ಬೆನ್ನು ತಿರುಗಿಸಿದೆ.

"ಛಲೋ ಆತು," ಎಂದರು ಆಕೆ. "ನನಗ ನಿಮ್ಮ ಜೋಡಿನ ಮಾತಾಡೋದಿತ್ತು. ಆ ಕೈ ನೋಡಿದವರು ನೀವಲ್ಲೇನ್ರಿ?"

ನಾನು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಫೋನಿನಾಗ ಎಡಗೈ ಅಂದಿದ್ರು. ನಿನ್ನೆ ಬಲಗೈ ಅಂದ್ರು. ಕಣ್ಣಿಲೆ ನೋಡಿದವರು ಕೈ ಮರೀತಾರೇನ್ರಿ? ಕೇಳಿದವರು ಮರೀತಾರ. ನಮ್ಮ ಮನಿಯವರೂ ಹಂಗ ಇದ್ರು. ನಾ ಅಡಗಿಮನ್ಯಾಗ ಹೇಳಿದ್ದು ಭಾನುವಾರ ಫೋನಿನಾಗ ಅವರದಾಗಿ ಬರ್ತಿತ್ತು."

ಅಂದರೆ ಆ ಮೂವತ್ತು ವರ್ಷ ಫೋನಿನ ಹಿಂದೆ ಆಕೆ ಇದ್ದರು. ನನ್ನ ಹಾಗೆ ಒಲೆಯ ಮುಂದೆ ನಿಂತು. ಅಯ್ಯೋ ಪಾಪ ಎನಿಸಬೇಕಾದ ಜಾಗದಲ್ಲಿ ನನಗೆ ಬಂದದ್ದು ಇದು: ನನ್ನ ಗಂಡ ಹೇಳಿದ ಸುಳ್ಳನ್ನು ಕೂಡ ನನಗಿಂತ ಚೆನ್ನಾಗಿ ಓದಿದವಳು ಇವಳು. ಬಲಗೈ ಎಂದದ್ದನ್ನು ನಾನು ಬರೀ ಅವರ ಮರೆವು ಎಂದುಕೊಂಡಿದ್ದೆ.

"ಹೌದು, ನಾನೇ ನೋಡಿದ್ದು," ಎಂದೆ.

"ಗೊತ್ತಾತು ಬಿಡ್ರಿ. ಇರಲಿ, ಇಂವ ಕುಂತರ ನಾಲ್ಕನೇ ಜಾಗಾದಾಗ ಯಾರನ್ನ ಹಾಕ್ತಾರಂತೀರಿ?"

ನನಗೊಂದು ಅಭಿಪ್ರಾಯ ಇತ್ತು. ಜನವರಿಯಿಂದ ಇತ್ತು. ಐದನೆಯವನು ಬೇಡ, ಅವನಿಗೆ ಹೋಮ್ ರನ್ನಿನ ಆಸೆ, ಈ ಮೈದಾನದಲ್ಲಿ ಆಸೆಪಟ್ಟವನು ಸಾಯುತ್ತಾನೆ. ಉರುಳಿಸಿ ಹೊಡೆಯುವ ನಮ್ಮ ಸಸ್ಯಾಧಿಪತಿಯನ್ನೇ ಮೇಲಕ್ಕೆ ತರಬೇಕು ಎಂದೆ. ಆಕೆ ಒಪ್ಪಲಿಲ್ಲ. ವಾದವಾಯಿತು. "ನಿಮ್ಮ ಸಸ್ಯಾಧಿಪತಿ ಓಡಿದ್ರ ನಮ್ಮ ಮನಿ ಬೆಕ್ಕು ಮುಂದ ಹೋಗ್ತದರಿ" ಎಂದಾಗ ನಾನು ಜೋರಾಗಿ ನಕ್ಕುಬಿಟ್ಟೆ. ಹಿಂದೆ ಪೇಪರ್ ಮಡಿಸುವ ಸದ್ದಾಯಿತು, ಕುರ್ಚಿ ಸರಿದ ಸದ್ದಾಯಿತು. ಇವರು ಬಂದು ನನ್ನ ಪಕ್ಕದಲ್ಲಿ ನಿಂತು, ಏನಂತೆ ಎಂದು ಹುಬ್ಬಿನಲ್ಲೇ ಕೇಳಿದರು. ನಾನು ಆಮೇಲೆ ಎಂದು ಕೈ ತೋರಿಸಿದೆ.

ಕೊನೆಗೆ ಆಕೆ ದನಿ ತಗ್ಗಿಸಿದರು. "ವೈನಿ, ಬುಧವಾರ ಮಾಡಲೇನ್ರಿ? ಅಣ್ಣಾರು ವಾಕಿಂಗ್ ಹೋದಾಗ? ನಾವಿಬ್ಬರೇ ಆರಾಮ ಮಾತಾಡಬಹುದು."

ಒಳ್ಳೆಯ ಮನಸ್ಸಿನಿಂದ ಕೇಳಿದ್ದು. ಅದು ನನಗೆ ಗೊತ್ತು.

"ಬೇಡ," ಎಂದೆ. "ಭಾನುವಾರನೇ ಮಾಡಿ, ಹತ್ತು ಗಂಟೆಗೆ. ಅವರು ಮನೇಲಿರುವಾಗ."